ಹದಿನೇಳು ನೀರುಕೋಳಿಗಳು

ಮಾಳಮಡ್ಡಿ, ಧಾರವಾಡ
14 ಜೂನ್ 2023

ಗುಲಾಬಸಾಬ ಅವರಿಗೆ ನಮಸ್ಕಾರ.

ನೀವು ನನ್ನನ್ನು ಬಲ್ಲವರಲ್ಲ. ನನ್ನ ಹೆಸರು ಇಂದು, ಕಳೆದ ವರ್ಷ ಕನ್ನಡ ಎಂ.ಎ. ಮುಗಿಸಿದೆ. ನಿಮ್ಮ ಅಂಬಾಲಾ ವಿಳಾಸ ಕೊಟ್ಟವರು ನಮ್ಮ ಓಣಿಯಲ್ಲಿರುವ ನಿವೃತ್ತ ರಸಾಯನಶಾಸ್ತ್ರದ ಮೇಡಮ್ ರಾಜೇಶ್ವರಿ. ನೀವು ಮೂವತ್ತೊಂದು ವರ್ಷ ಅವರ ಕಾಲೇಜಿನ ಪ್ರಯೋಗಾಲಯಕ್ಕೆ ಗಾಜಿನ ನಳಿಗೆ, ಕುಪ್ಪಿಗಳನ್ನು ಊದಿ ಮಾಡಿಕೊಟ್ಟವರು, ಈಗ ಮಗ ಜಾವೀದನ ಮನೆಯಲ್ಲಿದ್ದೀರಿ ಎಂದರು. ಬರ್ನರಿನ ಸದ್ದು ನಿಮ್ಮ ಕಿವಿ ತಿಂದಿದೆ, ಫೋನು ಮಾಡಿದರೆ ಪ್ರಯೋಜನವಿಲ್ಲ ಎಂದೂ ಹೇಳಿದರು. ನಿಜ ಹೇಳಬೇಕೆಂದರೆ ಅದನ್ನು ಕೇಳಿ ನನಗೆ ಹಗುರಾಯಿತು. ಗುರುತಿಲ್ಲದವರ ಜೊತೆ ಮಾತಾಡಬೇಕೆಂದರೆ ನಾನು ಮೊದಲೇ ಬಾಯಿಪಾಠ ಮಾಡಿಕೊಳ್ಳಬೇಕು.

ಹುಬ್ಬಳ್ಳಿಯ ಅರಳೆ ವ್ಯಾಪಾರಿ ಬಸವಪ್ರಭು ಅವರ ತಂದೆ ಮಡಿವಾಳಪ್ಪನವರು ನಲವತ್ತು ವರ್ಷ ಗಾಜಿನ ಅಲಂಕಾರದ ವಸ್ತುಗಳನ್ನು ಕೂಡಿಸಿದ್ದರು. ಬೆಲ್ಜಿಯಮ್ಮಿನ ಹೂದಾನಿ, ಫಿರೋಜಾಬಾದಿನ ಗೊಂಚಲು, ಒಳಗೆ ಬಣ್ಣದ ಎಳೆ ಸುತ್ತಿದ ಗೋಲಿಗಳು, ಅತ್ತರಿನ ಕುಪ್ಪಿಗಳು, ಒಟ್ಟು ನಾನೂರ ಹನ್ನೆರಡು. ಅವನ್ನು ಮನೆಯ ಕೆಳ ಅಂತಸ್ತಿನಲ್ಲಿ ಪ್ರದರ್ಶನಕ್ಕಿಡುತ್ತಿದ್ದಾರೆ. ಪರಿಚಯ ಪುಸ್ತಕ ಬರೆಯುವ ಕೆಲಸ ನನ್ನದು. ಅದು ಅಚ್ಚಾದರೆ ನನ್ನ ಹೆಸರು ಹೊತ್ತ ಮೊದಲ ಪುಸ್ತಕ.

ನಡುಮನೆಯ ಮಧ್ಯದಲ್ಲಿ ಹದಿನೇಳು ಹಂಸಗಳಿವೆ. ಬಣ್ಣವಿಲ್ಲದ ತೆಳು ಗಾಜು. ಬೊಹೀಮಿಯಾದವು, ಮಡಿವಾಳಪ್ಪನವರು 1991ರಲ್ಲಿ ಯುರೋಪಿನಿಂದ ತೊಡೆಯ ಮೇಲಿಟ್ಟುಕೊಂಡು ತಂದರಂತೆ. ಹಂಸಕ್ಕೆ ಕುತ್ತಿಗೆ ಇಷ್ಟು ಗಿಡ್ಡವೇ ಎಂದು ನನಗೆ ಅನಿಸಿದೆ. ಬೆರಳು ತಾಗಿಸಿದರೆ ನೀರಿನ ಮೇಲಿದ್ದ ಹಾಗೆ ತೂಗುತ್ತವೆ. ಅಂಥದ್ದನ್ನು ಹೇಗೆ ಊದುತ್ತಾರೆ? ಗೊತ್ತಿಲ್ಲದೆ ಬರೆಯಲು ಮನಸ್ಸು ಒಪ್ಪುತ್ತಿಲ್ಲ. ತೊಂದರೆಯಾಗದಿದ್ದರೆ ತಿಳಿಸುವಿರಾ?

ಇಂದು

*

ಅಂಬಾಲಾ
3 ಜುಲೈ 2023

ಇಂದು ಮೇಡಮ್ ಅವರಿಗೆ ಸಲಾಮ್.

ತಮ್ಮ ಪತ್ರ ತಲುಪಿತು. ಇಲ್ಲಿ ನನಗೆ ಕನ್ನಡದಲ್ಲಿ ಬಂದ ಮೊದಲ ಪತ್ರ. ಮೊಮ್ಮಗಳು ನಿಶಾತ ಅಕ್ಷರಗಳನ್ನು ನೋಡಿ, ಇದೇನು ದಾದಾ, ಜಿಲೇಬಿಯ ಅಂಗಡಿಯಿಂದ ಬಂತೇ ಎಂದು ಕೇಳಿದಳು. ನಾನು ಏಳನೆಯ ಇಯತ್ತೆವರೆಗೆ ಕಲಿತವನು. ಬರೆಯುವ ಕನ್ನಡ ಬಂದದ್ದು ಪ್ರಯೋಗಾಲಯದ ವಹಿಯಿಂದ. ಯಾವ ಕುಪ್ಪಿ ಯಾರ ಕೈಯಲ್ಲಿ ಯಾಕೆ ಒಡೆಯಿತು ಎಂದು ದಿನಾ ಬರೆಯಬೇಕಿತ್ತು. ಆದ್ದರಿಂದ ನನ್ನ ಕನ್ನಡ ವಹಿಯ ಹಾಗೆ ಕಾಣಿಸಿದರೆ ಕ್ಷಮಿಸಬೇಕು.

ಗಾಜು ಊದುವುದರಲ್ಲಿ ಎರಡು ದಾರಿ. ದೊಡ್ಡ ಭಟ್ಟಿಯಲ್ಲಿ ಕರಗಿದ ಗಾಜನ್ನು ಉದ್ದ ಕಬ್ಬಿಣದ ಕೊಳವೆಯ ತುದಿಗೆ ಸುತ್ತಿ, ಜೇನು ಸೋರದ ಹಾಗೆ ತಿರುಗಿಸುತ್ತಾ ಊದುವುದು ಒಂದು. ನಿಮ್ಮ ಹೂದಾನಿಗಳು ಹಾಗೆ ಆದವು. ನಮ್ಮದು ಇನ್ನೊಂದು. ಗಾಜಿನ ನಳಿಗೆಯನ್ನೇ ಬರ್ನರಿನ ಉರಿಯಲ್ಲಿ ಮೆತ್ತಗೆ ಮಾಡಿ, ಒಂದು ತುದಿ ಮುಚ್ಚಿ, ಇನ್ನೊಂದು ತುದಿಯಿಂದ ಊದುವುದು. ಎರಡೂ ಕೈ ಒಂದೇ ಸಮ ತಿರುಗಬೇಕು. ಒಂದು ಕೈ ಹಿಂದೆ ಬಿದ್ದರೆ ಗಾಜು ತಿರುಚಿಕೊಳ್ಳುತ್ತದೆ. ಹೊಸಬರು ಜೋರಾಗಿ ಊದುತ್ತಾರೆ. ಮಲಗಿದ ಕೂಸಿನ ಕಣ್ಣಿನ ಮೇಲಿನ ನೊಣ ಓಡಿಸುವಷ್ಟು ಉಸಿರು ಸಾಕು. ಕಡೆಗೆ ನಳಿಗೆಯಿಂದ ವಸ್ತುವನ್ನು ಕತ್ತರಿಸಿದ ಜಾಗದಲ್ಲಿ ಸಣ್ಣ ಗಂಟು ಉಳಿಯುತ್ತದೆ. ಅದಕ್ಕೆ ನಾವು ಹೊಕ್ಕಳು ಎನ್ನುತ್ತೇವೆ.

ಇಷ್ಟಕ್ಕೆ ಮುಗಿಯುವುದಿಲ್ಲ. ಗಾಜು ಹೊರಗಿನಿಂದ ಬೇಗ ಆರುತ್ತದೆ, ಒಳಗೆ ಇನ್ನೂ ಬಿಸಿ. ಎರಡಕ್ಕೂ ಜಗಳ ಹತ್ತುತ್ತದೆ. ಆ ಜಗಳ ಗಾಜಿನೊಳಗೇ ಹೆಪ್ಪುಗಟ್ಟುತ್ತದೆ. ನನಗೆ ಕೆಲಸ ಕಲಿಸಿದವರು ಅದಕ್ಕೆ ಸಿಟ್ಟು ಎನ್ನುತ್ತಿದ್ದರು. ವಸ್ತುವನ್ನು ಮತ್ತೆ ಸಣ್ಣ ಒಲೆಯಲ್ಲಿಟ್ಟು, ಇಡೀ ದಿನ ನಿಧಾನಕ್ಕೆ ಆರಿಸಿ ಸಿಟ್ಟು ತೆಗೆಯಬೇಕು. ಎರಡು ಕಪ್ಪು ಗಾಜುಗಳ ನಡುವೆ ಹಿಡಿದು ನೋಡಿದರೆ ಸಿಟ್ಟು ಇದ್ದಲ್ಲಿ ಕಾಮನಬಿಲ್ಲಿನ ಬಣ್ಣ ಏಳುತ್ತದೆ. ಸಿಟ್ಟು ತೆಗೆಯದ ಗಾಜು ನೋಡಲು ಹಾಗೇ ಇರುತ್ತದೆ. ಒಂದು ದಿನ ಯಾರೂ ಮುಟ್ಟದಿದ್ದಾಗ ತಾನೇ ಒಡೆಯುತ್ತದೆ.

ಆ ಹದಿನೇಳನ್ನು ತಿರುವಿ ನೋಡಿದ್ದೀರಾ? ಹೊಕ್ಕಳಲ್ಲಿ ಏನಾದರೂ ಇದೆಯೇ?

ಗುಲಾಬಸಾಬ

*

ಮಾಳಮಡ್ಡಿ
16 ಜುಲೈ 2023

ಗುಲಾಬಸಾಬ ಅವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಸಿಟ್ಟು ಎಂಬ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ನಿನ್ನೆ ನಮ್ಮ ಮನೆಯಲ್ಲಿ ಗಾಜಿನ ಲೋಟ ಗೋಡೆಯ ಮಾಡದಲ್ಲಿ ಇದ್ದಲ್ಲೇ ಸೀಳಿತು. ಅವ್ವ ಯಾರದೋ ದೃಷ್ಟಿ ಎಂದಳು. ನನಗೆ ಕಾರಣ ಗೊತ್ತಿತ್ತು, ಆದರೆ ಹೇಳಲಿಲ್ಲ.

ನೀವು ಹೇಳಿದಂತೆ ತಿರುವಿ ನೋಡಿದೆ. ಹದಿನೇಳರ ಹೊಕ್ಕಳಲ್ಲೂ ಒಂದೇ ಗುರುತು ಒತ್ತಿದ್ದಾರೆ. ಒಂದು ಸುರುಳಿ, ಅದಕ್ಕೆ ಎಡಗಡೆ ಇಳಿದ ಬಾಲ. ಯಾವ ಲಿಪಿಯೆಂದು ತಿಳಿಯಲಿಲ್ಲ. ಬಸವಪ್ರಭು ಅವರಿಗೆ ತೋರಿಸಿದೆ. ಅವರಿಗೆ ಹಿಡಿಸಲಾರದ ಖುಷಿ. ‘ಕಾರಖಾನಿ ಮುದ್ರಿ ಅದು ರೀ. ಅಪ್ಪಾರು ಸಾದಾ ಮಾಲು ತರ್ತಿರಲಿಲ್ಲ’ ಎಂದರು. ಮುಖಪುಟಕ್ಕೆ ಆ ಗುರುತಿನ ಚಿತ್ರವನ್ನೇ ಹಾಕಿಸಬೇಕಂತೆ. ಅದು ಬೊಹೀಮಿಯಾದ ಯಾವ ಮನೆತನದ ಗುರುತು ಎಂದು ನಿಮಗೆ ಗೊತ್ತಿರಬಹುದು, ಅದಕ್ಕೇ ಕೇಳಿದಿರಿ ಎಂದುಕೊಂಡಿದ್ದೇನೆ. ದಯವಿಟ್ಟು ಬರೆಯಿರಿ.

ಇಂದು

*

ಅಂಬಾಲಾ
1 ಆಗಸ್ಟ್ 2023

ಇಂದು ಮೇಡಮ್ ಅವರಿಗೆ,

ಒಂದನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಬುಡದಿಂದ ನೋಡಬೇಡಿ. ಮೇಲಿನಿಂದ, ಬೆನ್ನಿನ ಮೂಲಕ ಹೊಕ್ಕಳನ್ನು ನೋಡಿರಿ.

‘ಗು’ ಎಂದು ಕಾಣುತ್ತದೆ.

ಆ ಹಿತ್ತಾಳೆಯ ಮುದ್ರೆ ಮಾಡಿಕೊಟ್ಟವನು ನನ್ನ ಹೆಂಡತಿಯ ತಮ್ಮ ಬಡೇಸಾಬ. ಬೀಗದ ಕೀಲಿ ಮಾಡುವವನು. ಮುದ್ರೆಯ ಮೇಲೆ ಅಕ್ಷರ ಉಲ್ಟಾ ಕೊರೆಯಬೇಕೆಂದು ಅವನಿಗೆ ಹೊಳೆಯಲಿಲ್ಲ, ನೆಟ್ಟಗೆ ಕೊರೆದ. ಗಾಜಿನ ಮೇಲೆ ಉಲ್ಟಾ ಮೂಡಿತು. ನಾನು ಬೈದೆ. ಅವನು ಹಕ್ಕಿಯನ್ನು ಮೇಲಿನಿಂದ ನೋಡಿ, ‘ಮಾಮಾ, ಹಕ್ಕಿ ಹೊಟ್ಟಿಯಾಗಿಂದ ನೋಡ್ರಿ, ಬರೋಬ್ಬರಿ ಕಾಣತೈತಿ. ನಿಮ್ಮ ಹೆಸರು ಹೊಟ್ಟಿಯಾಗ ಇಟ್ಕೊಂಡಾವು ಅವು’ ಎಂದ. ನಕ್ಕು ಹಾಗೇ ಬಿಟ್ಟೆವು.

ಅವು ಹಂಸಗಳಲ್ಲ. ನಾನು ಹಂಸವನ್ನು ನೋಡಿಯೇ ಇಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿದ್ದ ನಮ್ಮ ಮನೆಯಿಂದ ಧಾರವಾಡಕ್ಕೆ ದಿನಾ ಬಸ್ಸಿನಲ್ಲಿ ಹೋಗುವಾಗ ಉಣಕಲ್ ಕೆರೆಯಲ್ಲಿ ನೋಡುತ್ತಿದ್ದ ನೀರುಕೋಳಿಗಳು ಅವು. ತೂಗಲಿ ಎಂದೇ ಹೊಕ್ಕಳನ್ನು ಸ್ವಲ್ಪ ಉಬ್ಬಿಸಿದ್ದೆ.

ಮಡಿವಾಳಪ್ಪನವರು ಸುಳ್ಳು ಹೇಳಿದ್ದು ನನ್ನ ಸಲುವಾಗಿ. ಒಡೆದು ಮೂಲೆಗೆ ಬಿದ್ದ ನಳಿಗೆಗಳಿಂದ ನಾನು ಕೆಲಸದ ಹೊತ್ತು ಮುಗಿದ ಮೇಲೆ ಹಕ್ಕಿ ಮಾಡುತ್ತಿದ್ದೆ. ಬರ್ನರು ಕಾಲೇಜಿನದು. ತಿಳಿದರೆ ನೌಕರಿ ಹೋಗುತ್ತಿತ್ತು. ಅವರು ಅವನ್ನು ಮೆಚ್ಚಿ ಒಯ್ದಾಗ, ಯಾರ ಮುಂದೂ ನನ್ನ ಹೆಸರು ಹೇಳಬೇಡಿ ಎಂದು ಬೇಡಿಕೊಂಡೆ. ಯಾರೋ ಕೇಳಿದಾಗ ಅವರು ಯುರೋಪು ಎಂದುಬಿಟ್ಟರು. ಆಮೇಲೆ ಆ ಮಾತು ಅವರನ್ನು ಬಿಡಲಿಲ್ಲ. ‘ಗುಲಾಬಸಾಬ, ನೀವು ರಿಟೈರ್ ಆದ ದಿನಾ ಊರಿಗೆಲ್ಲಾ ಖರೇ ಹೇಳತೇನಿ’ ಎಂದಿದ್ದರು. ಅದಕ್ಕೆ ಒಂದು ವರ್ಷ ಮೊದಲೇ ಅವರು ತೀರಿಕೊಂಡರು.

ನನಗೆ ಮತ್ತೇನೂ ಬೇಡ. ಹಕ್ಕಿಗಳ ಮುಂದೆ ಒಂದು ಚೀಟಿ. ‘ಗುಲಾಬಸಾಬ, ಬೆಂಗೇರಿ.’ ಮೂವತ್ತೊಂದು ವರ್ಷ ನಾನು ಊದಿದ ಕುಪ್ಪಿಗಳೆಲ್ಲ ಒಡೆದವು. ಒಡೆದದ್ದನ್ನು ನಾನೇ ವಹಿಯಲ್ಲಿ ಬರೆದಿದ್ದೇನೆ. ಉಳಿದದ್ದು ಇವಷ್ಟೇ.

ಗುಲಾಬಸಾಬ

*

ಮಾಳಮಡ್ಡಿ
13 ಆಗಸ್ಟ್ 2023

ಗುಲಾಬಸಾಬ ಕಾಕಾ,

ಹಾಗೆ ಕರೆಯಬಹುದೇ?

ನೋಡಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ಹಿಡಿದು ಬೆನ್ನಿನ ಮೂಲಕ ನೋಡಿದೆ. ‘ಗು.’ ಕನ್ನಡ ಓದಿದವಳು ನಾನು, ಕನ್ನಡದ ಅಕ್ಷರವನ್ನೇ ಪರದೇಶದ್ದು ಎಂದುಕೊಂಡಿದ್ದೆ. ಹಕ್ಕಿಯನ್ನು ಮೆಲ್ಲಗೆ ಕೆಳಗಿಟ್ಟೆ. ಅದು ಎಷ್ಟೋ ಹೊತ್ತು ತೂಗುತ್ತಲೇ ಇತ್ತು.

ಮರುದಿನವೇ ಬಸವಪ್ರಭು ಅವರಿಗೆ ಹೇಳಿದೆ. ಹಿಂದಿನ ಸಂಜೆಯೆಲ್ಲ ಮಾತುಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ನಿಮ್ಮ ಪತ್ರವನ್ನೂ ತೋರಿಸಿದೆ. ಅವರು ಒಂದು ಹಕ್ಕಿಯನ್ನು ತಾವೇ ಎತ್ತಿ ಬೆಳಕಿಗೆ ಹಿಡಿದರು, ಬಹಳ ಹೊತ್ತು ನೋಡಿದರು. ‘ಛಲೋ ಆತು ಬಿಡ್ರಿ, ಮೊದಲಽ ತಿಳೀತು’ ಎಂದರು. ಅಷ್ಟೇ. ಅವರಿಗೂ ಮನಸ್ಸು ತುಂಬಿ ಬಂದಿರಬೇಕು.

ಚೀಟಿಯನ್ನು ನಾನೇ ಕೈಯಾರೆ ಬರೆಯುತ್ತೇನೆ ಕಾಕಾ.

ನಿಮ್ಮ ಇಂದು

*

ಅಂಬಾಲಾ
2 ಅಕ್ಟೋಬರ್ 2023

ನನ್ನವ್ವಾ ಇಂದು,

ಏಳು ವಾರವಾಯಿತು, ಪತ್ರವಿಲ್ಲ. ಕೆಲಸ ಬಹಳ ಇರಬೇಕು ಎಂದುಕೊಂಡಿದ್ದೇನೆ. ನಾನೂರ ಹನ್ನೆರಡು ವಸ್ತುಗಳ ಬಗ್ಗೆ ಬರೆಯುವುದೆಂದರೆ ಹುಡುಗಾಟವಲ್ಲ.

ಇಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೇನೆ. ಜಾವೀದ ನಂಬಲಿಲ್ಲ. ‘ಅಬ್ಬಾ, ಶೋಕೇಸಿನ್ಯಾಗ ನಿಮ್ಮ ಹೆಸರಾ? ನಿಮ್ಮ ಹೆಸರು ರೇಶನ್ ಕಾರ್ಡಿನ್ಯಾಗನೂ ತಪ್ಪು ಐತಿ’ ಎಂದ. ನೋಡೋಣ ಎಂದೆ. ಪ್ರಾರಂಭ ಯಾವತ್ತು ಎಂದು ತಿಳಿಸು. ಮೂರು ದಿನದ ಪ್ರಯಾಣ, ಅಡ್ಡಿಯಿಲ್ಲ. ಹಿಂದೆ ನಿಂತು ನೋಡಿ ಬರುತ್ತೇನೆ. ಭಾಷಣ ನನಗೆ ಹೇಗೂ ಕೇಳಿಸುವುದಿಲ್ಲ, ಅದೊಂದು ಪುಣ್ಯ.

ಜಾವೀದ ದುಡಿಯುವ ಗಾಜಿನ ಕಾರ್ಖಾನೆಯಲ್ಲಿ ರವಿವಾರ ಬರ್ನರು ಖಾಲಿ ಇರುತ್ತದೆ. ಒಂದು ನೀರುಕೋಳಿ ಮಾಡಲು ನೋಡಿದೆ. ಒಂದು ಕೈ ಹಿಂದೆ ಬಿದ್ದು ಕುತ್ತಿಗೆ ಸೊಟ್ಟಗಾಯಿತು. ಇನ್ನೊಮ್ಮೆ ಮಾಡುತ್ತೇನೆ. ಅದು ನಿನಗೆ.

ಗುಲಾಬಸಾಬ ಕಾಕಾ

*

ಹುಬ್ಬಳ್ಳಿ
19 ಅಕ್ಟೋಬರ್ 2023

ಮಾನ್ಯರೆ,

ತಮ್ಮ ಪತ್ರ ತಲುಪಿದೆ. ಪ್ರದರ್ಶನದ ಪ್ರಾರಂಭ ಕಾರಣಾಂತರಗಳಿಂದ ಮುಂದೆ ಹೋಗಿದೆ. ಹೊಸ ದಿನಾಂಕ ಗೊತ್ತಾಗಿಲ್ಲ. ಈ ವಯಸ್ಸಿನಲ್ಲಿ ಇಷ್ಟು ದೂರದ ಪ್ರಯಾಣ ತಮ್ಮ ಆರೋಗ್ಯಕ್ಕೆ ಒಳ್ಳೆಯದಲ್ಲವಾದ್ದರಿಂದ ಸದ್ಯಕ್ಕೆ ಹೊರಡಬಾರದಾಗಿ ವಿನಂತಿ.

ಪುಸ್ತಕ ಅಚ್ಚಿನಲ್ಲಿದೆ.

ಇಂದು

*

ಅಂಬಾಲಾ
20 ನವೆಂಬರ್ 2023

ಇಂದು ಮೇಡಮ್ ಅವರಿಗೆ,

ಬೆಂಗೇರಿಯಲ್ಲಿ ನನ್ನ ತಂಗಿಯ ಮಗಳು ಅಬೀದಾ ಇದ್ದಾಳೆ. ಪ್ರದರ್ಶನ ಅಕ್ಟೋಬರ್ 24ಕ್ಕೆ, ದಸರೆಯ ದಿನವೇ ಪ್ರಾರಂಭವಾಯಿತೆಂದು ಅವಳಿಂದ ತಿಳಿಯಿತು. ನೀವು ನನಗೆ ಬರೆದ ಐದು ದಿನಕ್ಕೆ. ವೇದಿಕೆಯ ಮೇಲೆ ನಿಮಗೆ ಶಾಲು ಹೊದಿಸಿದರಂತೆ. ಸಂತೋಷ.

ಅಬೀದಾ ಮರುವಾರ ಹೋಗಿ ನೋಡಿದಳು. ಹಕ್ಕಿಗಳ ಮುಂದೆ ಚೀಟಿ ಇದೆ. ‘ಹಂಸಗಳು, ಬೊಹೀಮಿಯಾ’ ಎಂದು ಬರೆದಿದೆ. ಅಕ್ಷರ ಬಹಳ ಚಂದ ಇವೆಯಂತೆ. ಮಾಮಾ ಮಾಡಿದ್ದು ತೂಗುತ್ತದೆಂದು ಅವಳಿಗೆ ಗೊತ್ತು. ಬೆರಳು ತಾಗಿಸಿದಳು. ತೂಗಲಿಲ್ಲ. ಕಸ ಗುಡಿಸುತ್ತಿದ್ದ ಬೀರವ್ವ ಎಂಬಾಕೆ ಗದರಿಸಿದಳಂತೆ: ‘ಮುಟ್ಟಬ್ಯಾಡಬೇ, ಫಾರಿನ್ನದು ಅದು. ನಿಮ್ಮಂಥಾರು ಮುಟ್ಟೂದಲ್ಲ.’ ಅಬೀದಾ ಅಷ್ಟರಲ್ಲೇ ತಿರುವಿ ನೋಡಿದ್ದಳು. ಬುಡ ಕನ್ನಡಿಯ ಹಾಗೆ ಸಪಾಟು. ಹೊಕ್ಕಳೇ ಇಲ್ಲ.

ನಿಮ್ಮ ಪುಸ್ತಕವನ್ನೂ ತಂದು ಕಳಿಸಿದ್ದಾಳೆ. ಹನ್ನೊಂದನೆಯ ಪುಟದಲ್ಲಿ ಹೀಗಿದೆ: ‘ಬೊಹೀಮಿಯಾದ ಕುಶಲಕರ್ಮಿಗಳು ಇದನ್ನು ಗಾಜಿನ ಸಿಟ್ಟು ತೆಗೆಯುವುದು ಎನ್ನುತ್ತಾರೆ.’ ಆ ಮಾತು ನನಗೆ ಕಲಿಸಿದವರು ಬೆಳಗಾವಿ ದಾಟಿ ಹೋದವರಲ್ಲ.

ಕೇಳುವುದು ಒಂದೇ. ಬುಡ ತಿಕ್ಕಿದವರು ಯಾರು?

ಗುಲಾಬಸಾಬ

*

ಮಾಳಮಡ್ಡಿ
27 ಡಿಸೆಂಬರ್ 2023

ಕಾಕಾ,

ಆರು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ನಾನು ಪತ್ರ ತೋರಿಸಿದ ವಾರವೇ ಬಸವಪ್ರಭು ನನ್ನನ್ನು ಕರೆದರು. ಸಿಟ್ಟಾಗಲಿಲ್ಲ. ಚಹಾ ತರಿಸಿದರು. ‘ಅಪ್ಪಾರು ಊರ ಮುಂದ ಮೂವತ್ತು ವರ್ಷ ಹೇಳಿದ ಮಾತು ಅದು. ಈಗ ಅಪ್ಪಾರು ಸುಳ್ಳ ಹೇಳಿದ್ರು ಅಂತ ನಾನಽ ಚೀಟಿ ಬರದು ಹಚ್ಚಲೇನ್ರಿ?’ ಎಂದು ಕೇಳಿದರು. ಆ ಸುಳ್ಳು ನಿಮ್ಮನ್ನು ಕಾಯಲು ಹೇಳಿದ್ದು ಎಂದು ನಾನು ಹೇಳಬೇಕಿತ್ತು. ಹಿಂದಿನ ಸಲ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ಆ ಸಲ ಮಾಡಿಕೊಂಡಿರಲಿಲ್ಲ. ಸುಮ್ಮನೆ ಕೂತೆ. ಆಮೇಲೆ ಅವರು ಪುಸ್ತಕದ ಮೇಲೆ ನನ್ನ ಹೆಸರನ್ನು ದೊಡ್ಡದಾಗಿ ಹಾಕಿಸುವುದಾಗಿ ಹೇಳಿದರು. ಆಗಲೂ ಸುಮ್ಮನೆ ಇದ್ದೆ.

ಹಕ್ಕಿಗಳು ಅಲುಗಾಡುತ್ತವೆ, ಬಿದ್ದಾವು, ಬುಡ ಸಪಾಟು ಮಾಡಿಸಿಕೊಂಡು ಬನ್ನಿ ಎಂದು ನನ್ನ ಕೈಗೇ ಕೊಟ್ಟರು. ಯಾಕೆ ಎಂದು ಇಬ್ಬರಿಗೂ ಗೊತ್ತಿತ್ತು. ಎರಡು ಪೆಟ್ಟಿಗೆಯಲ್ಲಿ ಅರಳೆ ತುಂಬಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದೆ. ಚಷ್ಮಾದ ಗಾಜು ತಿಕ್ಕುವ ಮುಜಾಫರ ಎಂಬವರ ಅಂಗಡಿ. ಅವರು ಮೊದಲನೆಯದನ್ನು ಎತ್ತಿ ದೀಪಕ್ಕೆ ಹಿಡಿದು ಮೇಲಿನಿಂದ ನೋಡಿದರು. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

‘ಇದರಾಗ ಗು ಅಂತ ಐತಲ್ರಿ ಮೇಡಮ್. ಯಾರೋ ತಮ್ಮ ಹೆಸರು ಒತ್ತ್ಯಾರ. ತಿಕ್ಕಲ್ಯೋ ಬ್ಯಾಡೋ?’

‘ತಿಕ್ಕ್ರಿ’ ಎಂದೆ.

ಅಂದು ನಾನು ಆಡಿದ ಮಾತು ಅದೊಂದೇ. ಹದಿನೇಳೂ ಮುಗಿಯುವವರೆಗೆ ಎದುರಿಗೇ ಕೂತಿದ್ದೆ. ಒಂದೂ ಒಡೆಯಲಿಲ್ಲ. ಮುಜಾಫರ ಚಕ್ರ ನಿಲ್ಲಿಸಿ, ‘ಇಷ್ಟು ತೆಳು ಗಾಜು, ಒಂದರೆ ಚಿಟ್ ಅನಬೇಕಾಗಿತ್ತು. ಮಾಡಿದಾಂವ ಭಾಳ ಸಮಾಧಾನದ ಮನಶಾ ಇರಬೇಕ್ರಿ’ ಎಂದರು.

ಹನ್ನೊಂದನೆಯ ಪುಟದ ಆ ಸಾಲನ್ನು ನಾನೇ ಬರೆದದ್ದು. ಯಾರೂ ಬರೆಸಲಿಲ್ಲ. ನಿಮ್ಮ ಮಾತು ಚೆನ್ನಾಗಿತ್ತು, ಬಿಡಲು ಮನಸ್ಸಾಗಲಿಲ್ಲ. ಯಾರದೆಂದು ಹೇಳುವಂತಿರಲಿಲ್ಲ.

ಎರಡನೆಯ ಮುದ್ರಣವಾದರೆ ಮುನ್ನುಡಿಯಲ್ಲಿ ನಿಮ್ಮ ಹೆಸರನ್ನು ಹೇಗಾದರೂ ಸೇರಿಸುತ್ತೇನೆ. ಕ್ಷಮಿಸಿ ಎಂದು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆದಿದ್ದೇನೆ.

ಇಂದು

*

ಅಂಬಾಲಾ
6 ಫೆಬ್ರವರಿ 2024

ಇಂದು ಅವರಿಗೆ,

ವಹಿ ಕನ್ನಡ ಇವತ್ತು ಬರವಲ್ದು. ಬಾಯಾಗ ಬಂದಂಗ ಬರೀತೇನಿ.

ನಿಮ್ಮ ಕಾಗದ ಓದೀನಿ. ಛಲೋ ಬರದೀರಿ. ಮುಜಾಫರ ದೀಪಕ್ಕ ಹಿಡದದ್ದು, ನೀವು ಎದುರಿಗೆ ಕೂತದ್ದು, ಎಲ್ಲಾ ಕಣ್ಣಿಗೆ ಕಟ್ಟತೈತಿ. ಪುಸ್ತಕದಾಗ ಇದನ್ನ ಬರದಿದ್ರ ಅದು ಪುಸ್ತಕ ಆಗತಿತ್ತು.

ಒಂದೂ ಒಡೀಲಿಲ್ಲ ಅನ್ನೂದು ಓದಿ ಮೊದಲ ಖುಷಿ ಆತು ನೋಡ್ರಿ. ಮೂವತ್ತು ವರ್ಷದ ಮ್ಯಾಲೂ ನನ್ನ ಕೆಲಸ ಗಟ್ಟಿ ಐತಿ ಅಂತ. ಜಾವೀದಗ ಹೇಳಾಕ ಎದ್ದಾಂವ, ಬಾಗಲದಾಗ ನಿಂತೆ. ಒಂದೊಂದರ ಸಿಟ್ಟೂ ನಾ ಅಷ್ಟು ಜ್ವಾಕಿಲೆ ತಗದಿದ್ದೆ. ಅದಕ್ಕಽ ಅವು ಚಕ್ರದ ಮುಂದ ಸುಮ್ಮನ ಕೂತು ತಿಕ್ಕಿಸಿಕೊಂಡ್ವು. ಚೂರು ಸಿಟ್ಟು ಉಳಿಸಿದ್ರ ಚಕ್ರ ಮುಟ್ಟಾಣ ಸಿಡೀತಿದ್ವು. ಚೂರಿನ್ಯಾಗರೆ ನನ್ನ ಹೆಸರು ಉಳೀತಿತ್ತು.

ಬಸವಪ್ರಭು ಅವರ ಮ್ಯಾಲೆ ನನಗೇನೂ ಇಲ್ಲ. ಅವರು ನನ್ನ ಕಂಡವರಲ್ಲ. ಮುಜಾಫರ ಕೇಳಿದ, ಅದು ಅವನ ದೊಡ್ಡತನ. ನಿಮಗ ಮಾತ್ರ ಬೆನ್ನ ಮ್ಯಾಲಿಂದ ಹೆಂಗ ನೋಡಬೇಕು ಅಂತ ನಾನಽ ಹೇಳಿಕೊಟ್ಟಿದ್ದೆ.

ಎರಡನೇ ಮುದ್ರಣ ಅಂದೀರಿ. ಪುಸ್ತಕಕ್ಕ ಆಗಬಹುದು. ಗಾಜಿಗೆ ಮುದ್ರಿ ಒಂದಽ ಸಲ, ಬಿಸಿ ಇದ್ದಾಗ.

ಕಾಗದದ ಜೊತಿ ಒಂದು ಡಬ್ಬಿ ಐತಿ. ಅರಳಿಯೊಳಗ ಒಂದು ನೀರುಕೋಳಿ ಐತಿ. ಅಕ್ಟೋಬರದಾಗ ನಿಮಗ ಅಂತ ಹೇಳಿದ್ದೆ, ಹೇಳಿದ್ದು ಹೇಳಿದ್ದಽ. ಕುತ್ತಿಗಿ ಈ ಸಲ ನೆಟ್ಟಗ ಬಂದೈತಿ. ಹೊಕ್ಕಳದಾಗ ಗು ಒತ್ತೀನಿ, ಹಳೇ ಮುದ್ರಿಲೆ. ಮುಟ್ಟಿದ್ರ ತೂಗತೈತಿ. ನೀವು ಬರಿಯೋ ಮೇಜಿನ ಮ್ಯಾಲೆ ಇಟ್ಕೊಳ್ರಿ.

ಇದರ ಸಿಟ್ಟು ನಾ ತಗದಿಲ್ಲ.

ನಾಳೆ ಆಗಬಹುದು, ಹತ್ತು ವರ್ಷ ಆಗಬಹುದು. ಯಾರೂ ಮುಟ್ಟಿರೂದಿಲ್ಲ, ಮನ್ಯಾಗ ಎಲ್ಲಾ ಸುಮ್ಮನಿರತೈತಿ, ಆಗ ಒಡೀತೈತಿ. ಒಡದದ್ದು ನನಗ ಬರೀಬ್ಯಾಡ್ರಿ. ಕೇಳಬೇಕಾದವರು ನೀವು. ನನಗ ಕಿವಿ ಇಲ್ಲ.

ಗುಲಾಬಸಾಬ, ಬೆಂಗೇರಿ